ಪರದೆಯ ಎಡಭಾಗ

ಗರ್ಭಕೋಶ ತೆಗೆಸಿಕೊಂಡು ಆಸ್ಪತ್ರೆಯಿಂದ ಧನಕವಡಿಯ ಮನೆಗೆ ಬಂದಾಗ, ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಇನ್ನು ನಿನಗೆ ಆರಾಮ. ನಾನೂ ಹಾಗೇ ನಂಬಿದ್ದೆ. ಹಲವು ವರ್ಷ ಗಡ್ಡೆಗಳು, ನಿಲ್ಲದ ರಕ್ತಸ್ರಾವ, ಮೂರನೇ ಮಹಡಿ ಹತ್ತುವಾಗ ನಡುವೆ ಮೆಟ್ಟಿಲ ಮೇಲೆ ಕೂತುಬಿಡುವಷ್ಟು ಸುಸ್ತು. ಅದರ ಜೊತೆಗೆ ಪ್ರತಿ ತಿಂಗಳು ಮುಟ್ಟಿನ ಹಿಂದಿನ ದಿನ ತಪ್ಪದೆ ಬರುತ್ತಿದ್ದ ಅರೆತಲೆನೋವು. ಮುಟ್ಟೇ ನಿಂತ ಮೇಲೆ ತಲೆನೋವು ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಅಂಡಾಶಯಗಳಲ್ಲೂ ಗಂಟುಗಳಿದ್ದುದರಿಂದ ಡಾಕ್ಟರು ಅವೆರಡನ್ನೂ ತೆಗೆದಿದ್ದರು. ಹಾಗೆಂದರೆ ದೇಹಕ್ಕೆ ಏನಾಗುತ್ತದೆ ಎಂಬುದು ಆಗ ನನಗೆ ಪೂರ್ತಿ ತಿಳಿದಿರಲಿಲ್ಲ.

ಹೊಲಿಗೆ ಮಾಗಿತು. ಬಗ್ಗಬಾರದು, ಭಾರ ಎತ್ತಬಾರದು ಎಂಬ ದಿನಗಳೂ ಮುಗಿದವು. ಮೈಯೆಲ್ಲ ಬೆಂಕಿ ಹೊತ್ತಿಕೊಂಡಂತೆ ಸೆಕೆ ಏರಿ, ಮರುಕ್ಷಣ ಬೆವರಿ ತಣ್ಣಗಾಗುವುದು ಶುರುವಾಯಿತು. ಹೆಂಗಸರ ಡಾಕ್ಟರು ಅದಕ್ಕೆ ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು. ಸೆಕೆ ಇಳಿಯಿತು. ನಾನು ಕೆಲಸಕ್ಕೆ ಮರಳಿದೆ.

ನನ್ನ ಕೆಲಸ ಕೊಂಢವಾದ ಆಚೆಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಬೈಕುಗಳ ಬ್ರೇಕಿಗೆ ಬೇಕಾದ ಅಲ್ಯುಮಿನಿಯಂ ಪಿಸ್ಟನ್‌ಗಳನ್ನು ತಯಾರಿಸುತ್ತಾರೆ. ಕಿರುಬೆರಳಿನಷ್ಟು ದಪ್ಪ, ಅದರ ಸುತ್ತ ಒಂದು ಸಣ್ಣ ತೋಡು ಕೊರೆದಿರುತ್ತದೆ. ಆ ತೋಡಿನಲ್ಲಿ ರಬ್ಬರಿನ ಉಂಗುರ ಕೂರುತ್ತದೆ. ಸವಾರ ಬ್ರೇಕ್ ಹಿಡಿದಾಗ ಎಣ್ಣೆ ಹಿಂದಕ್ಕೆ ಸೋರದಂತೆ ತಡೆಯುವುದು ಅದೇ ಉಂಗುರ. ತೋಡಿನ ಅಂಚಿನಲ್ಲಿ ಲೋಹದ ಒಂದು ಸಣ್ಣ ಮುಳ್ಳು ಉಳಿದರೂ ಸಾಕು, ರಬ್ಬರನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಆ ಮುಳ್ಳಿಗೆ ನಾವು ಬರ್ ಎನ್ನುತ್ತೇವೆ. ಅದನ್ನು ಹುಡುಕುವುದು, ತೋಡಿನ ಕೋನ, ಮೂಲೆಯ ದುಂಡು ಸರಿಯಿದೆಯೇ ಎಂದು ನೋಡಿ ನನ್ನ ಮೊಹರು ಒತ್ತುವುದು ನನ್ನ ಕೆಲಸ.

ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅದಕ್ಕಾಗಿ ಪ್ರೊಜೆಕ್ಟರ್ ಇದೆ. ಗಾಜಿನ ಮೇಜಿನ ಮೇಲೆ ಪಿಸ್ಟನ್ ಇಟ್ಟರೆ ಹಿಂದಿನಿಂದ ಬೆಳಕು ಹಾಯುತ್ತದೆ. ಅದರ ನೆರಳು ಹಲವು ಪಟ್ಟು ಹಿಗ್ಗಿ ಎದುರಿನ ದುಂಡು ಪರದೆಯ ಮೇಲೆ ಬೀಳುತ್ತದೆ. ಪರದೆಯ ನಡುವೆ ಕೂಡಿಸುವ ಚಿಹ್ನೆಯಂತೆ ಒಂದನ್ನೊಂದು ದಾಟುವ ಎರಡು ಗೆರೆ, ಅದೇ ಕೂಡುಗೆರೆ. ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ ಬರೆದ ನಕ್ಷೆಯ ಗೆರೆಗಳನ್ನು ಹೊಂದಿಸುತ್ತೇವೆ. ನೆರಳಿನ ಅಂಚು ಎರಡು ಗೆರೆಗಳ ನಡುವೆ ಇರಬೇಕು. ತಿರುಪು ತಿರುಗಿಸಿ ಮೇಜನ್ನು ಸರಿಸುತ್ತ, ಪಿಸ್ಟನ್ನನ್ನು ಉರುಳಿಸುತ್ತ ಸುತ್ತಲೂ ನೋಡಬೇಕು. ಕೋಣೆ ಅರೆಗತ್ತಲು, ಎಸಿ ತಣ್ಣಗೆ. ಹೊರಗೆ ಯಂತ್ರಗಳ ಸದ್ದು, ಒಳಗೆ ಆ ಹಸಿರು ಬೆಳಕಿನ ಪರದೆ.

ಮೊದಲು ನನ್ನ ತಲೆನೋವಿಗೆ ದಿನಾಂಕವಿತ್ತು. ಆ ದಿನಗಳಲ್ಲಿ ರಜೆ ಹಾಕುತ್ತಿದ್ದೆ, ಇಲ್ಲವೇ ಮೈಕ್ರೋಮೀಟರಿನಲ್ಲಿ ದಪ್ಪ ಅಳೆಯುವ ಕೆಲಸ ಇಟ್ಟುಕೊಂಡು ಪ್ರೊಜೆಕ್ಟರನ್ನು ಜೊತೆಗಾತಿಗೆ ಬಿಡುತ್ತಿದ್ದೆ. ಈಗ ಅದಕ್ಕೆ ದಿನಾಂಕವೇ ಇರಲಿಲ್ಲ. ಸೋಮವಾರ ಬರಬಹುದು, ಬುಧವಾರ ಮತ್ತೆ ಬರಬಹುದು. ಬಲಗಣ್ಣಿನ ಹಿಂದೆ ಸಣ್ಣಗೆ ಶುರುವಾಗಿ, ಕಿವಿಯ ಮೇಲಿನಿಂದ ಹಿಂದಲೆಗೆ ಇಳಿದು, ಊಟದ ಹೊತ್ತಿಗೆ ಯಂತ್ರಗಳ ಕೂಲಂಟ್ ಎಣ್ಣೆಯ ವಾಸನೆಗೇ ವಾಂತಿ ಬರುವಂತಾಗುತ್ತಿತ್ತು. ಕಾತ್ರಜ್ ಕಡೆಯಿಂದ ಕೊಂಢವಾಕ್ಕೆ ಹೋಗುವ ರಸ್ತೆಯ ಲಾರಿಗಳ ಹಾರ್ನು ತಲೆಯೊಳಗೇ ಕೂಗಿದಂತಾಗುತ್ತಿತ್ತು. ಸ್ಕೂಟರ್ ಬಿಟ್ಟೆ. ನನ್ನ ಗಂಡ, ಹತ್ತಿರದ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು, ಮುಂಜಾನೆ ತಮ್ಮ ಗಾಡಿಯಲ್ಲಿ ಬಿಟ್ಟು ಹೋಗತೊಡಗಿದರು.

ನಾನು ನನಗೆ ತಿಳಿದ ಉಪಾಯಗಳನ್ನೆಲ್ಲ ಮಾಡಿದೆ. ಟ್ಯೂಬ್‌ಲೈಟಿನ ಕೆಳಗೆ ಟೋಪಿ ಹಾಕಿಕೊಂಡು ಕೂತೆ. ಫ್ರಿಜ್ಜಿನಲ್ಲಿಟ್ಟ ನೀರಿನ ಬಾಟಲಿಯನ್ನು ಕುತ್ತಿಗೆಯ ಹಿಂದೆ ಒತ್ತಿಕೊಂಡೆ. ಹೊಟ್ಟೆ ಖಾಲಿ ಬಿಡಬಾರದೆಂದು ಚುರಮುರಿ ಡಬ್ಬಿ ಜೊತೆಗಿಟ್ಟೆ. ಹೆಚ್ಚಾಗಿ ಮಾಡಿದ್ದು ಮಾತ್ರ ನೋವಿನ ಗುಳಿಗೆ ನುಂಗುವುದು. ಮೊದಮೊದಲು ನೋವು ಬಂದಾಗ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಬರಬಹುದು ಅನ್ನಿಸಿದಾಗ. ಆಮೇಲೆ ಮುಂಜಾನೆ ಚಹಾದ ಜೊತೆ, ಬರದಿರಲಿ ಎಂದು. ಔಷಧಿ ಅಂಗಡಿಯವನು ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಸಾಕು, ಕೇಳುವ ಮೊದಲೇ ಗುಳಿಗೆಯ ಪಟ್ಟಿ ತೆಗೆದಿಡುತ್ತಿದ್ದ.

ನೋವಿಗಿಂತ ವಿಚಿತ್ರವಾದದ್ದು ನೋವಿಲ್ಲದ ಹೊತ್ತು. ಆಗ ಏನೂ ಅನ್ನಿಸುತ್ತಿರಲಿಲ್ಲ. ನಾಸಿಕ್‌ನಲ್ಲಿ ಓದುತ್ತಿರುವ ಮಗಳು ಒಂದು ಸಂಜೆ ಫೋನ್ ಮಾಡಿ, ತಾನು ಬಯಸಿದ ಕಡೆಯೇ ತರಬೇತಿಗೆ ಆಯ್ಕೆಯಾದೆ ಎಂದು ಕುಣಿಯುವ ದನಿಯಲ್ಲಿ ಹೇಳಿದಳು. "ಭಾಳ ಛಲೋ ಆತು" ಎಂದೆ. ಬಾಯಿಂದ ಮಾತು ಸರಿಯಾಗಿಯೇ ಬಂತು. ಒಳಗೆ ಏನೂ ಅಲ್ಲಾಡಲಿಲ್ಲ. ಫೋನ್ ಇಟ್ಟು ಕುಕ್ಕರಿನ ಸೀಟಿ ಎಷ್ಟಾಯಿತೆಂದು ಯೋಚಿಸುತ್ತ ನಿಂತೆ. ಕೈಮೇಲೆ ಮಲಗಿ ಎದ್ದಾಗ ಆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ನಾನು ಇಡಿಯಾಗಿ ಜೋಮು ಹಿಡಿದಿದ್ದೆ.

ಕಣ್ಣಿನ ತೊಂದರೆ ಮೊದಲು ಕಂಡಿದ್ದು ಅಡುಗೆಮನೆಯಲ್ಲಿ. ಗಂಡ ಎದುರು ನಿಂತು ತಿಂಡಿ ಡಬ್ಬಿ ಮುಚ್ಚುತ್ತಿದ್ದರು. ಅವರ ಮುಖದ ಒಂದು ಬದಿ ಇರಲಿಲ್ಲ. ಕಪ್ಪಾಗಿರಲಿಲ್ಲ, ಮಸುಕೂ ಆಗಿರಲಿಲ್ಲ. ಸುಮ್ಮನೆ ಇರಲಿಲ್ಲ, ಅಷ್ಟೇ. ಸ್ವಲ್ಪ ಹೊತ್ತಿಗೆ ಆ ಜಾಗದ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆ ಮಿಣುಗುಟ್ಟುತ್ತ ಹರಡಿಕೊಂಡಿತು. ಎಡಗೈಯ ಬೆರಳುಗಳು ಜೋಮು ಹಿಡಿದವು. ಕುರ್ಚಿಯ ಮೇಲೆ ಕೂತೆ. ಎಲ್ಲ ತಾನಾಗಿ ಹೋಯಿತು. ಬೆನ್ನಿಗೇ ತಲೆನೋವು ಬಂತು. ಕನ್ನಡಕದ ಅಂಗಡಿಗೆ ಹೋಗಿ ತೋರಿಸಿದೆ. ಕಣ್ಣು ಚೆನ್ನಾಗಿದೆ ಎಂದರು. ಚೆನ್ನಾಗಿದೆಯಲ್ಲ ಎಂದು ನಾನೂ ಬಿಟ್ಟೆ. ಹಾರ್ಮೋನಿನ ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ಇದನ್ನು ಹೇಳಬೇಕೆಂದು ಹೊಳೆಯಲೇ ಇಲ್ಲ. ಅವರು ನೋಡಿದ್ದು ಹೊಟ್ಟೆ, ಇದು ಕಣ್ಣು.

ಕಾರ್ಖಾನೆಯಲ್ಲಿ ಅದು ಆದದ್ದು ಒಂದು ಗದ್ದಲದ ದಿನ. ಬೈಕ್ ಕಂಪನಿಗೆ ಸರಕು ಬೇಗ ಹೋಗಬೇಕಿತ್ತು. ಮುಂಜಾನೆಯಿಂದ ಒಂದರ ಹಿಂದೊಂದು ಪೆಟ್ಟಿಗೆಗಳ ಮಾದರಿ ನೋಡಿ ಮೊಹರು ಒತ್ತಿದ್ದೆ. ಗೇಟಿನಲ್ಲಿ ಟೆಂಪೋ ಬಂದು ನಿಂತಿತ್ತು. ಅಷ್ಟರಲ್ಲಿ ಪಿಸ್ಟನ್ ಕೊರೆಯುವ ಒಂದು ಲೇತ್ ಯಂತ್ರದ ಅಲಗು ಬದಲಿಸಿದ್ದರಿಂದ, ನಿಯಮದಂತೆ ಹೊಸ ಅಲಗಿನಿಂದ ಬಂದ ಮೊದಲ, ಸೆಟಿಂಗ್ ಪೀಸ್ ಎನ್ನುವ ಪಿಸ್ಟನ್ನನ್ನು ನನ್ನ ಮುಂದೆ ತಂದಿಟ್ಟರು. ನಾನು ಒಪ್ಪಿದರೆ ಆ ಲೇತ್ ಮುಂದೆ ಓಡುತ್ತದೆ.

ಪಿಸ್ಟನ್ ಒರೆಸಿ ಮೇಜಿನ ಮೇಲಿಟ್ಟೆ. ನೆರಳು ಪರದೆಯ ಮೇಲೆ ಬಿತ್ತು. ತೋಡಿನ ಎರಡೂ ಅಂಚು ಗೆರೆಗಳ ನಡುವೆ ಇದ್ದವು. ಕೋನ ಸರಿ. ಮೂಲೆ ಸರಿ. ಉರುಳಿಸಿದೆ, ಸರಿ. ಕೈ ಮೊಹರಿನ ಕಡೆಗೆ ಹೋಯಿತು. ಇನ್ನೊಂದು ಕೈ ಬರೀ ರೂಢಿಯಿಂದ ತಿರುಪನ್ನು ಹಿಂದಕ್ಕೆ ತಿರುಗಿಸಿತು, ಮೇಜು ಸರಿಯಿತು, ನೆರಳು ಬಲಕ್ಕೆ ಜರುಗಿತು. ಆಗ ಏನೂ ಇಲ್ಲದ ಜಾಗದಿಂದ ಒಂದು ಮುಳ್ಳು ಹೊರಗೆ ಬಂತು.

ಅಲ್ಲೇ ನಿಲ್ಲಿಸಿದೆ. ಮೇಜನ್ನು ಎಡಕ್ಕೆ ಒಯ್ದೆ. ಮುಳ್ಳು ಮಾಯವಾಯಿತು. ಗೆರೆಯೂ ಅಂಚೂ ನಯವಾಗಿ ಮುಂದುವರಿದಂತೆ ಕಂಡವು. ಬಲಕ್ಕೆ ತಂದೆ, ಮುಳ್ಳು ಬಂತು. ಪರದೆಯ ನಡುವಿನ ಕೂಡುಗೆರೆಯನ್ನು ನೋಡಿದೆ. ಅದಕ್ಕೆ ನಾಲ್ಕು ತೋಳಿರಬೇಕು. ಮೇಲಿನದು, ಕೆಳಗಿನದು, ಬಲಗಡೆಯದು ಇದ್ದವು.

ಇಲ್ಲದ ಭಾಗ ಇಲ್ಲವೆಂದು ಗೊತ್ತಾಗುವುದಿಲ್ಲ ಎನ್ನುವುದು ನನಗೆ ಆಗ ಅರ್ಥವಾಯಿತು. ಕಾಣದ ಜಾಗವನ್ನು ನನ್ನ ತಲೆ ತಾನೇ ಸರಿಯಾದ ಗೆರೆಯಿಂದ ತುಂಬಿಕೊಂಡಿತ್ತು. ಇಷ್ಟು ವರ್ಷ ಸರಿಯಾದ ಗೆರೆಯನ್ನೇ ನೋಡಿ ನೋಡಿ ಅದಕ್ಕೆ ಬಾಯಿಪಾಠವಾಗಿತ್ತು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಮುಂಜಾನೆಯಿಂದ ನೋಡಿದ ಪೆಟ್ಟಿಗೆಗಳು ನೆನಪಾದವು. ಈ ತೊಂದರೆ ಯಾವಾಗ ಶುರುವಾಯಿತು? ನೋವು ಬಂದರೆ ತಾನೇ ಗೊತ್ತಾಗುವುದು. ನೋವು ಬರದಂತೆ ಚಹಾದ ಜೊತೆ ಗುಳಿಗೆ ನುಂಗಿ ಬಂದಿದ್ದೆ.

ಎದ್ದು ಹೋಗಿ ಕೆಂಪು ಚೀಟಿಗಳ ಕಟ್ಟು ತೆಗೆದುಕೊಂಡೆ. ಕೆಂಪು ಚೀಟಿ ಅಂಟಿದ ಪೆಟ್ಟಿಗೆ ಗೇಟು ದಾಟುವಂತಿಲ್ಲ. ಪಕ್ಕದ ಮೇಜಿನಲ್ಲಿ ಅಳತೆಯ ಗೇಜು ಹಾಕಿ ನೋಡುತ್ತಿದ್ದ ಜೊತೆಗಾತಿ, ಸೇರಿ ಎರಡು ವರ್ಷವೂ ಆಗಿರದ ಮರಾಠಿ ಹುಡುಗಿ, ನನ್ನನ್ನು ಅಕ್ಕ ಎಂದು ಮರಾಠಿಯಲ್ಲಿ ಕರೆಯುವವಳು, ತಲೆಯೆತ್ತಿ ನೋಡಿದಳು.

"ಕಾಯ ಝಾಲಂ, ತಾಈ?"

ಏನಾಯಿತು ಎಂದು ಕೇಳಿದವಳ ಕೈಗೆ ಅರ್ಧ ಚೀಟಿಗಳನ್ನು ಕೊಟ್ಟೆ. ಮುಂಜಾನೆಯಿಂದ ನಾನು ಒತ್ತಿದ್ದಕ್ಕೆಲ್ಲ ಅಂಟಿಸು ಎಂದೆ. ಟೆಂಪೋಗೆ ಏರಿಸಿದ್ದ ಪೆಟ್ಟಿಗೆಗಳಿಗೂ ಇಬ್ಬರೂ ಸೇರಿ ಅಂಟಿಸಿದೆವು. ಸುದ್ದಿ ಒಳಗೆ ಹೋಯಿತು.

ನಮ್ಮ ಕಾರ್ಖಾನೆಯ ಮುಖ್ಯಸ್ಥರು ನಿಪ್ಪಾಣಿ ಕಡೆಯವರು. ಸಿಟ್ಟು ಬಂದಾಗ ಮರಾಠಿ, ಕೆಲಸ ಆಗಬೇಕಾದಾಗ ನನ್ನೊಡನೆ ಕನ್ನಡ. ಅಂದು ಕನ್ನಡದಲ್ಲಿ ಶುರು ಮಾಡಿದರು.

"ಏನ್ರಿ ಬಾಈ, ಗಾಡಿ ಯಾಕ ನಿಲ್ಲಿಸೀರಿ? ಏನ್ ಸಿಕ್ತು?"

"ಸೆಟಿಂಗ್ ಪೀಸಿನ್ಯಾಗ ಬರ್ ಅದ, ಸಾಹೇಬ್ರ."

"ಅದು ಸೆಟಿಂಗ್ ಪೀಸು. ಲೇತ್ ಸರಿ ಮಾಡಿಸೋಣ. ಈ ಪೆಟಿಗಿ ಒಳಗ ಏನ್ ಸಿಕ್ತು?"

"ಏನೂ ಸಿಕ್ಕಿಲ್ಲ."

"ಮತ್ತ?"

"ನನಗ ಪರದೇದ ಎಡಗಡೆ ಕಾಣಸವಲ್ತು."

ಅವರು ನನ್ನ ಕಣ್ಣನ್ನೇ ನೋಡಿದರು. ಅದರಲ್ಲಿ ಅವರಿಗೆ ಏನೂ ಕಂಡಿರಲಾರದು.

"ಮುಂಜಾನಿಂದ ಕಾಣಸ್ಲಿಲ್ಲೇನು?"

"ಯಾವಾಗಿಂದ ಅಂತ ನನಗ ಗೊತ್ತಿಲ್ರಿ. ಗೊತ್ತಿದ್ರ ಅಲ್ಲಿಂದ ಮುಂದಿಂದಷ್ಟ ನಿಲ್ಲಸ್ತಿದ್ದೆ."

ಆಮೇಲೆ ಮರಾಠಿ ಶುರುವಾಯಿತು. ಗಿರಾಕಿಗೆ ಏನು ಹೇಳಲಿ, ಹೆಣ್ಣುಮಕ್ಕಳಿಗೆ ತಲೆನೋವು ಎಂದು ಹೇಳಲೇ, ಅವರ ಅಸೆಂಬ್ಲಿ ನಿಂತರೆ ಹೊಣೆ ಯಾರು. ನಾನು ಕೇಳುತ್ತ ನಿಂತೆ. ಅವರ ಬಾಯಿ ಚಲಿಸುವುದು ಒಂದು ಬದಿಯಿಂದ ಮಾತ್ರ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಗರಗಸದ ಹಲ್ಲುಗಳು ಮಿಣುಗತೊಡಗಿದ್ದವು. ಮಾತು ಮುಗಿಯುವ ಮುನ್ನವೇ ನಾನು ಗೋಡೆ ಹಿಡಿದು ಕೂತೆ. ಹುಡುಗಿ ನನ್ನನ್ನು ಪ್ಯಾಕಿಂಗ್ ಸಾಮಾನಿನ ಕೋಣೆಗೆ ಕರೆದೊಯ್ದು ರಟ್ಟಿನ ಹಾಳೆಗಳ ಮೇಲೆ ಮಲಗಿಸಿದಳು, ದೀಪ ಆರಿಸಿದಳು.

ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದರು. ಹುಡುಗಿ ಮತ್ತು ಎರಡನೇ ಪಾಳಿಯ ತಪಾಸಣೆಯವರು ಕೂತು ಪ್ರತಿಯೊಂದು ಪಿಸ್ಟನ್ನನ್ನೂ ಪ್ರೊಜೆಕ್ಟರಿನ ಮೇಲೆ ಇಟ್ಟು ನೋಡಿದರು. ಟೆಂಪೋ ಖಾಲಿಯಾಗಿ ಹಿಂದಿರುಗಿತು. ಮರುದಿನ ಮುಖ್ಯಸ್ಥರು ತಮ್ಮ ಕೋಣೆಗೆ ಕರೆದರು. ಈಗ ಅವರ ದನಿ ತಣ್ಣಗಿತ್ತು.

"ಎಲ್ಲಾ ಸರಿ ಅದಾವ್ರಿ. ಒಂದರಾಗೂ ತಪ್ಪಿಲ್ಲ. ಸುಮ್ನ ಗಾಡಿ ನಿಲ್ಲಿಸಿದ್ರಿ."

ಎಲ್ಲ ಸರಿ ಇದ್ದವು. ಆದರೆ ನಾನು ನೋಡಿದ್ದರಿಂದ ಸರಿ ಇದ್ದವಲ್ಲ. ಅಂದು ಮುಂಜಾನೆ ಲೇತ್‌ಗಳು ಚೆನ್ನಾಗಿ ಓಡಿದ್ದವು, ಅಷ್ಟೇ. ಅವರು ಕೈ ಮುಂದೆ ಚಾಚಿದರು.

"ಸದ್ಯಕ್ಕ ಮೊಹರು ಇಲ್ಲೆ ಇಡ್ರಿ. ಸ್ವಲ್ಪ ದಿವಸ ಮನಿಯೊಳಗ ಇರ್ರಿ. ಆರಾಮ ಆದಮ್ಯಾಲ ನೋಡೋಣು."

ಏಪ್ರನ್ನಿನ ಜೇಬಿನಿಂದ ಮೊಹರು ತೆಗೆದು ಅವರ ಮೇಜಿನ ಮೇಲಿಟ್ಟೆ. ಹೆಬ್ಬೆಟ್ಟಿನ ಗಾತ್ರದ ಹಿತ್ತಾಳೆಯ ತುಂಡು. ಅದನ್ನು ಬಿಟ್ಟು ಹೊರಬಂದಾಗಲೂ ನನಗೆ ಏನೂ ಅನ್ನಿಸಲಿಲ್ಲ. ಗೇಟಿನ ಹೊರಗೆ ಬಿಸಿಲಿತ್ತು, ಕೈಯಲ್ಲಿ ತಿಂಡಿ ಡಬ್ಬಿಯಿತ್ತು. ರಿಕ್ಷಾ ಹಿಡಿದೆ.

ನರರೋಗದ ಡಾಕ್ಟರ ಹತ್ತಿರ ಹೋಗಿದ್ದು ಆಮೇಲೆ. ಅವರು ಬೆಂಗಳೂರಿನ ಕಡೆಯ ಹೆಂಗಸು, ನಮ್ಮ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿದರು. ಅವರು ಕೇಳಿದ್ದಕ್ಕೆಲ್ಲ ಮೊದಲು ಉತ್ತರ ಕೊಟ್ಟವರು ನನ್ನ ಗಂಡ. ನಿದ್ದೆ ಹೇಗೆ ಎಂದರೆ, "ನಿದ್ದಿ ಬರಂಗಿಲ್ರಿ ಈಕಿಗೆ." ಊಟ ಹೇಗೆ ಎಂದರೆ, "ಅಷ್ಟಕ್ಕಷ್ಟ." ಕಾಳಜಿಯಿಂದಲೇ ಹೇಳುತ್ತಿದ್ದರು. ಆಪರೇಷನ್ ಆದಾಗಿನಿಂದ ನನ್ನ ಪರವಾಗಿ ಮಾತಾಡುವುದು ಅವರಿಗೆ ರೂಢಿಯಾಗಿತ್ತು, ನನಗೂ ಸುಮ್ಮನಿರುವುದು ರೂಢಿಯಾಗಿತ್ತು. ಡಾಕ್ಟರು ಸ್ವಲ್ಪ ಹೊತ್ತು ಕೇಳಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ನೋವಿನ ಮಾತ್ರೆ ಎಷ್ಟು ತಗೋತೀರಾ?"

"ಬೇಕಾದಾಗ."

"ವಾರಕ್ಕೆ ಎಷ್ಟು ದಿನ ಬೇಕಾಗುತ್ತೆ?"

ನಾನು ಬ್ಯಾಗಿನ ಪಕ್ಕದ ಜಿಪ್ಪು ಎಳೆದು ಒಳಗಿದ್ದುದನ್ನು ಮೇಜಿನ ಮೇಲೆ ಸುರಿದೆ. ಖಾಲಿ ಪಟ್ಟಿಗಳು. ಎಸೆಯೋಣ ಎಂದು ಹಾಕಿಟ್ಟವು, ಅಲ್ಲೇ ಸೇರುತ್ತ ಹೋಗಿದ್ದವು. ಗಂಡ ಅದರಲ್ಲಿ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

ಡಾಕ್ಟರು ಬೈಯಲಿಲ್ಲ. ಮೆದುಳಿನ ಎಂಆರ್‌ಐ ಮಾಡಿಸಿ, ಬೇರೇನೂ ಇಲ್ಲವೆಂದು ಖಾತ್ರಿಪಡಿಸಿಕೊಂಡು, ಮುಂದಿನ ಭೇಟಿಯಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದರು. ಅಂಡಾಶಯ ತೆಗೆದ ಮೇಲೆ ಹಾರ್ಮೋನು ಮೆಟ್ಟಿಲಿಳಿದಂತೆ ಇಳಿಯುವುದಿಲ್ಲ, ಮಹಡಿಯಿಂದ ಬಿದ್ದಂತೆ ಬೀಳುತ್ತದೆ. ಮೈಗ್ರೇನ್ ಇರುವ ತಲೆಗೆ ಆ ಏರಿಳಿತವೇ ಆಗಿಬರುವುದಿಲ್ಲ. ಕಣ್ಣಿಗೆ ಬರುವ ಗರಗಸ, ಕೈಯ ಜೋಮು ಅದೇ ಮೈಗ್ರೇನಿನ ಮುನ್ಸೂಚನೆ. ಅದು ಕಾಣಿಸಿಕೊಂಡವರಿಗೆ ಬಾಯಿಂದ ನುಂಗುವ ಹಾರ್ಮೋನು ಕೊಡುವಾಗ ಬಹಳ ಯೋಚಿಸಬೇಕು, ಪಾರ್ಶ್ವವಾಯುವಿನ ಭಯವಿರುತ್ತದೆ. ಅದನ್ನು ನಿಲ್ಲಿಸಿ, ಹೆಂಗಸರ ಡಾಕ್ಟರ ಜೊತೆ ತಾವೇ ಮಾತಾಡುವುದಾಗಿ ಹೇಳಿದರು. ಕೊನೆಗೆ ಖಾಲಿ ಪಟ್ಟಿಗಳ ವಿಷಯ.

"ಈಗ ನಿಮ್ಮ ತಲೆನೋವಿನಲ್ಲಿ ಅರ್ಧ ಈ ಮಾತ್ರೆಯಿಂದಲೇ ಬರ್ತಿರೋದು. ಮಾತ್ರೆ ಇಳಿದಾಗ ನೋವು, ನೋವಿಗೆ ಮತ್ತೆ ಮಾತ್ರೆ. ಇದನ್ನ ಪೂರ್ತಿ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಕೆಲವು ವಾರ ಈಗಿರೋದಕ್ಕಿಂತ ಜಾಸ್ತಿ ಆಗುತ್ತೆ. ಸುಳ್ಳು ಹೇಳಲ್ಲ, ಕಷ್ಟ ಇದೆ. ಬೇಕಾದ್ರೆ ನಿಧಾನವಾಗಿ ಕಡಿಮೆ ಮಾಡ್ತಾ ಬರೋಣ."

ಗಂಡ ಎಂದರು, "ಸಾವಕಾಶ ಬಿಡ್ಲಿ ತಗೋರಿ, ಒಮ್ಮೆಲೆ ಆಗಂಗಿಲ್ಲ ಈಕಿಗೆ."

"ಒಮ್ಮೆಲೆ ಬಿಡ್ತೀನಿ" ಎಂದೆ ನಾನು.

ಧೈರ್ಯದಿಂದ ಹೇಳಿದ್ದಲ್ಲ. ನಿಧಾನವಾಗಿ ಬಿಡುವುದೆಂದರೆ ದಿನವೂ ಒಂದು ತೀರ್ಮಾನ ಮಾಡಬೇಕು. ಇಂದು ಬೇಕೋ ಬೇಡವೋ, ಈಗಲೋ ಇನ್ನೊಂದು ತಾಸಿಗೋ. ಅಷ್ಟು ತೀರ್ಮಾನಗಳನ್ನು ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಒಂದು ಮಾಡಬಹುದಿತ್ತು. ಅದನ್ನು ಮಾಡಿದೆ.

ಆ ವಾರಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಮಲಗುವ ಕೋಣೆಯ ಕಿಟಕಿಗೆ ಗಂಡ ಹಳೆಯ ಚಾದರ ಕಟ್ಟಿದರು. ವಾಂತಿಗೆ ಒಂದು ಗುಳಿಗೆ, ಮಲಗುವ ಮುನ್ನ ತಲೆನೋವು ಬರದಂತೆ ತಡೆಯುವ ಔಷಧಿಯ ಸಣ್ಣ ಡೋಸು; ಇವೆರಡಕ್ಕೆ ಮಾತ್ರ ಅನುಮತಿ. ಸೆಕೆ ತಿರುಗಿ ಬಂತು. ತಲೆ ಒಡೆಯುವಾಗ ಮೈ ಸುಡುತ್ತಿತ್ತು, ಮೈ ತಣ್ಣಗಾದಾಗ ತಲೆ ಇನ್ನೂ ಜೋರಾಗಿ ಬಡಿಯುತ್ತಿತ್ತು. ಕೆಳಗೆ ತರಕಾರಿ ಗಾಡಿಯವನು ಕೂಗಿದರೆ ದಿಂಬಿನೊಳಗೆ ಮುಖ ಒತ್ತುತ್ತಿದ್ದೆ. ಗಂಡ ಅನ್ನ ಮಜ್ಜಿಗೆ ಕಲಸಿ ತಂದಿಟ್ಟು, ಸದ್ದಾಗದಂತೆ ಚಪ್ಪಲಿಯಿಲ್ಲದೆ ನಡೆದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ತಡೆಯಲಾಗದೆ ಎದ್ದು, ಮನೆಯಲ್ಲಿ ಎಲ್ಲಾದರೂ ಒಂದು ಗುಳಿಗೆ ಉಳಿದಿದೆಯೇ ಎಂದು ಹುಡುಕಿದೆ. ಕಪಾಟು, ಹಳೆಯ ಪರ್ಸು, ದೇವರ ಗೂಡಿನ ಹಿಂದೆ ಕೂಡ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಲ್ಲಾ ಒಗದೀನಿ" ಎಂದರು. ಆಮೇಲೆ ನೆಲದ ಮೇಲೆ ಕೂತು, "ನಿನಗ ಸಿಟ್ಟ ಬಂದ್ರ ನನ್ನ ಮ್ಯಾಲೆ ತೀರಿಸ್ಕೊ. ಹಿಂಗ ಸುಮ್ನ ಇರಬ್ಯಾಡ" ಎಂದರು.

ಸಿಟ್ಟು ಇದ್ದರೆ ತಾನೇ. ಮತ್ತೆ ಹೋಗಿ ಮಲಗಿದೆ.

ಒಂದು ದಿನ ಎಚ್ಚರವಾದಾಗ ನೋವು ಕಡಿಮೆಯಿತ್ತು. ಹೋಗಿರಲಿಲ್ಲ, ಕೋಣೆಯ ಮೂಲೆಗೆ ಸರಿದು ಕೂತಂತೆ ಇತ್ತು. ಮರುದಿನವೂ ಹಾಗೇ. ಇಬ್ಬರು ಡಾಕ್ಟರುಗಳು ಮಾತಾಡಿಕೊಂಡು, ಬಾಯಿಂದ ನುಂಗುವುದರ ಬದಲು ತೋಳಿಗೆ ಹಚ್ಚುವ ಹಾರ್ಮೋನ್ ಜೆಲ್ ಕೊಟ್ಟರು. ತೀರ ಕಡಿಮೆ ಪ್ರಮಾಣ, ಆದರೆ ದಿನವೂ ಒಂದೇ ಹೊತ್ತಿಗೆ, ಏರಿಳಿತವಾಗದಂತೆ. ಮುಂಜಾನೆ ಸ್ನಾನ ಮಾಡಿ, ಹಚ್ಚಿ, ಅದು ಒಣಗುವವರೆಗೆ ತೋಳು ಚಾಚಿ ಕೂರುವುದು ನನ್ನ ಹೊಸ ಕೆಲಸವಾಯಿತು. ಗರಗಸದ ಬೆಳಕು ಹೆಚ್ಚಾದರೆ ಆ ಕ್ಷಣವೇ ತಿಳಿಸಬೇಕು ಎಂದಿದ್ದರು. ಹೆಚ್ಚಾಗಲಿಲ್ಲ. ಕ್ರಮೇಣ ಅಪರೂಪವಾಯಿತು. ಪೂರ್ತಿ ಹೋಯಿತೆಂದು ನಾನು ಇಂದಿಗೂ ಹೇಳಲಾರೆ.

ಕಾರ್ಖಾನೆಗೆ ಮರಳಿದಾಗ ಮುಖ್ಯಸ್ಥರು ನನಗೆ ಪ್ಯಾಕಿಂಗ್ ವಿಭಾಗ ತೋರಿಸಿದರು. ಅಲ್ಲಿ ಕಣ್ಣಿಗೆ ಶ್ರಮವಿಲ್ಲ ಎಂದರು. ನಾನು ಎಣಿಸಿ, ಕಟ್ಟಿ, ಚೀಟಿ ಅಂಟಿಸಿದೆ. ಬಿಡುವಿನಲ್ಲಿ ಪ್ರೊಜೆಕ್ಟರ್ ಕೋಣೆಗೆ ಹೋಗಿ ಹುಡುಗಿಯ ಪಕ್ಕ ಕೂತು, ಆ ದಿನ ನಾನು ಕಂಡುಕೊಂಡದ್ದನ್ನು ಅವಳಿಗೆ ತೋರಿಸಿದೆ. ಪಿಸ್ಟನ್ನನ್ನು ಪರದೆಯ ನಡುವೆ ಇಟ್ಟು ಉರುಳಿಸಿದರೆ ಸಾಲದು. ಮೇಜನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಯ್ದು, ಹಿಂದಕ್ಕೂ ತರಬೇಕು. ನೆರಳಿನ ಪ್ರತಿಯೊಂದು ಭಾಗವೂ ಪರದೆಯ ಎರಡೂ ಬದಿ ಹಾಯಬೇಕು. ಕೂತ ಕೂಡಲೇ ಕೂಡುಗೆರೆಯ ನಡುವೆ ದೃಷ್ಟಿ ನೆಟ್ಟು ನಾಲ್ಕೂ ತೋಳು ಕಾಣುತ್ತವೆಯೇ ನೋಡಬೇಕು. ಪ್ರತಿ ಪೆಟ್ಟಿಗೆಗೂ ಮತ್ತೆ ನೋಡಬೇಕು. ಅವಳು ಮೊದಲು ಅನುಮಾನದಿಂದ ಮಾಡಿದಳು, ಆಮೇಲೆ ಕೇಳದೆಯೇ ಮಾಡತೊಡಗಿದಳು.

ಬೈಕ್ ಕಂಪನಿಯ ತಪಾಸಣಾಧಿಕಾರಿ ಬಂದ ದಿನ ಅವಳು ಹಾಗೆ ಮಾಡುವುದನ್ನು ಅವರು ಕಂಡರು. ಇದು ನಿಮ್ಮ ಕೆಲಸದ ಸೂಚನೆಯಲ್ಲಿ ಇಲ್ಲವಲ್ಲ, ಯಾಕೆ ಮಾಡುತ್ತೀರಿ ಎಂದು ಕೇಳಿದರು. ಹುಡುಗಿ ನನ್ನತ್ತ ಬೆರಳು ತೋರಿದಳು. ಮುಖ್ಯಸ್ಥರು ಹಿಂದೆ ನಿಂತಿದ್ದರು. ನಾನು ಪ್ಯಾಕಿಂಗ್ ಮೇಜಿನಿಂದ ಎದ್ದು ಬಂದು ಮರಾಠಿಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿದೆ: ಆಪರೇಷನ್, ತಲೆನೋವು, ಕಾಣದ ಭಾಗ, ನಿಲ್ಲಿಸಿದ ಗಾಡಿ.

"ಆ ಸರಕಿನಲ್ಲಿ ತಪ್ಪು ಸಿಕ್ಕಿತೇ?" ಎಂದರು ಅಧಿಕಾರಿ.

"ಇಲ್ಲ. ಎಲ್ಲ ಸರಿ ಇದ್ದವು."

"ಮತ್ತೆ ನಿಲ್ಲಿಸಿದ್ದು ಯಾಕೆ?"

"ನೋಡಿದ್ದೇನೆ ಎಂದು ಮೊಹರು ಒತ್ತಿದ್ದೆ. ನೋಡಿರಲಿಲ್ಲ."

ಅವರು ತಲೆಯಾಡಿಸಿ ಮುಂದಿನ ಯಂತ್ರದ ಕಡೆ ಹೋದರು. ಹೊಗಳಲಿಲ್ಲ, ತೆಗಳಲೂ ಇಲ್ಲ. ವಾರ ಕಳೆದ ಮೇಲೆ ಮುಖ್ಯಸ್ಥರು ಪ್ಯಾಕಿಂಗ್ ಮೇಜಿನ ಹತ್ತಿರ ಬಂದು ಮೊಹರನ್ನು ನನ್ನ ಮುಂದಿಟ್ಟರು.

"ಕಾಣಸಲಿಲ್ಲಂದ್ರ ಹೇಳ್ರಿ, ಅಷ್ಟ" ಎಂದರು. "ಆ ಹುಡುಗಿ ಕೂಡ್ತಾಳ. ಗಾಡಿ ನಿಂತ್ರ ನಿಲ್ಲಲಿ." ಕ್ಷಮೆಯ ಮಾತು ಅದರಲ್ಲಿರಲಿಲ್ಲ. ನಾನೂ ಕಾಯುತ್ತಿರಲಿಲ್ಲ. ಮೊಹರು ಜೇಬಿಗೆ ಹಾಕಿಕೊಂಡು ಕೈಯಲ್ಲಿದ್ದ ಪೆಟ್ಟಿಗೆ ಕಟ್ಟಿ ಮುಗಿಸಿದೆ.

ಆಮೇಲೆ ಎರಡು ಸಲ ಹಾಗಾಯಿತು. ಎರಡು ಸಲವೂ ಕುರ್ಚಿ ಹಿಂದಕ್ಕೆ ಸರಿಸಿ "ದಿಸತ್ ನಾಹಿ" ಎಂದೆ. ಕಾಣುತ್ತಿಲ್ಲ ಎನ್ನಲು ಎರಡೇ ಶಬ್ದ. ಹುಡುಗಿ ಎದ್ದು ಬಂದು ನನ್ನ ಜಾಗದಲ್ಲಿ ಕೂತಳು, ನಾನು ಅವಳ ಜಾಗದಲ್ಲಿ. ಕೆಲಸ ನಡೆಯಿತು.

ಇಷ್ಟಾದರೂ ಒಳಗಿನ ಜೋಮು ಇಳಿದಿರಲಿಲ್ಲ. ಮೊಹರು ತಿರುಗಿ ಬಂದಾಗ ಸಂತೋಷವಾಗಿರಲಿಲ್ಲ. ಮಗಳು ರಜೆಗೆ ಬಂದು ಹೋದಾಗ ಬಸ್ ನಿಲ್ದಾಣದಲ್ಲಿ ಕಣ್ಣು ತುಂಬಲಿಲ್ಲ. ಆ ಜೋಮೂ ಗುಳಿಗೆಯಂತೆ ಒಂದು ದಿನ ನಿಲ್ಲಬಹುದೇ ಎಂದು ಡಾಕ್ಟರನ್ನು ಕೇಳಿದ್ದೆ. ದೇಹಕ್ಕೆ ಸಮಯ ಕೊಡಿ ಎಂದಿದ್ದರು.

ಒಂದು ಭಾನುವಾರ ಸಂಜೆ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದೆ. ಸಣ್ಣ ತಲೆನೋವು, ಸಹಿಸಬಹುದಾದದ್ದು. ಹೊರಗಿನ ಕೋಣೆಯಲ್ಲಿ ಗಂಡ ಗೋಕಾಕದ ತಮ್ಮ ಅಕ್ಕನ ಜೊತೆ ಫೋನಿನಲ್ಲಿದ್ದರು. ಅಕ್ಕನ ಮಗಳ ಮದುವೆ ಗೊತ್ತಾಗಿತ್ತು.

"ನಾ ಒಬ್ಬನ ಬರ್ತೀನಿ ಅಕ್ಕಾ. ಆಕಿಗೆ ಎಲ್ಲಿ ಆಗ್ತದ? ಆ ಗದ್ದಲಾ, ಬ್ಯಾಂಡು, ಬಿಸಲು... ಇಲ್ಲ ಇಲ್ಲ, ಆಕಿ ಏನೂ ಅನ್ಕೊಳ್ಳಂಗಿಲ್ಲ. ಆಕಿಗೆ ಈಗ ಏನೂ ಅನಸಂಗಿಲ್ಲ."

ಬಟ್ಟೆ ತೆಗೆದು ಎಸೆದೆ. ಹೊರಗೆ ಬಂದು ನಿಂತೆ.

"ನಾ ಬರಂಗಿಲ್ಲ ಅಂತ ನಿಮಗ ಯಾರು ಹೇಳ್ಯಾರ? ನನ್ನ ಕೇಳೀರೇನು? ಒಮ್ಮೆರ ಕೇಳೀರೇನು?"

ಅವರು ಫೋನನ್ನು ಕಿವಿಯಿಂದ ತೆಗೆದು ನನ್ನನ್ನೇ ನೋಡಿದರು.

"ಆ ಹುಡುಗೀನ ಎತ್ತಿ ಆಡಿಸೀನಿ ನಾನು. ಬ್ಯಾಂಡ್ ಬಂದ್ರ ಒಳಗ ಹೋಗಿ ಮಲಕೋತೀನಿ. ಅಕ್ಷತಾ ಹಾಕೋವಾಗ ಎದ್ದು ಬರ್ತೀನಿ. ಅದು ನನ್ನ ತಲಿನೋವು, ನಿಮ್ಮದಲ್ಲ! ನನಗ ಏನ್ ಅನಸ್ತದ, ಏನ್ ಅನಸಂಗಿಲ್ಲ ಅಂತ ನೀವ್ಯಾಕ ಊರಿಗೆಲ್ಲಾ ಹೇಳ್ತೀರಿ?"

ನನ್ನ ದನಿ ನನ್ನ ತಲೆಗೇ ಬಡಿಯುತ್ತಿತ್ತು. ಬಲಗಣ್ಣಿನ ಹಿಂದೆ ನೋವು ಒಂದೊಂದು ಮಾತಿಗೂ ಕುಕ್ಕುತ್ತಿತ್ತು. ಆದರೂ ದನಿ ಇಳಿಸಲಿಲ್ಲ. ಫೋನಿನೊಳಗಿಂದ ಅತ್ತಿಗೆ "ಯಾಕೋ, ಏನಾತೋ" ಎನ್ನುವುದು ಕೇಳಿಸುತ್ತಿತ್ತು. ಗಂಡನ ಮುಖದ ಎರಡೂ ಬದಿ ನನಗೆ ಚೆನ್ನಾಗಿ ಕಾಣುತ್ತಿದ್ದವು. ಅದು ಮೆಲ್ಲಗೆ ನಗುವಿಗೆ ತಿರುಗುತ್ತಿತ್ತು, ಕಣ್ಣು ಒದ್ದೆಯಾಗುತ್ತಿತ್ತು.

"ಏನಿಲ್ಲಕ್ಕಾ," ಎಂದರು ಫೋನಿಗೆ. "ಸಿಟ್ಟ ಬಂದದ ಆಕಿಗೆ. ಇಬ್ಬರೂ ಬರ್ತೀವಿ."